ಬುದಯ್ಯದ ಬಿಸಿಲು, ಕಾರಿನ ಹಾಡು

ಚಳಿ ದೇಶದವರ ವಿಡಿಯೊ ನೋಡಿದ್ದೀರಾ? ಹಿಮ ಬಿದ್ದ ಬೆಳಿಗ್ಗೆ ಕಾರಿನ ಸ್ಪೀಕರ್ ಸೆಟೆದುಕೊಂಡಿರುತ್ತೆ, ಮೊದಲು ಮೆಲ್ಲಗೆ ಹಾಡಿಸಿ ಅಂತಾರೆ. ಬಹ್ರೈನಿನ ಬುದಯ್ಯದಲ್ಲಿ ಕೂತು ಕೇಳಿದರೆ ನಗು ಬರುತ್ತೆ. ಇಲ್ಲಿ ಜನವರಿಗೂ ಒಂದು ಸ್ವೆಟರ್ ಸಾಕು.

ನಮ್ಮ ಗೋಳು ಆಗಸ್ಟಿನದು. ಹೊರಗೆ 40 ಡಿಗ್ರಿ. ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 70 ದಾಟೋದು ದೊಡ್ಡ ಮಾತಲ್ಲ. ಸ್ಟೀರಿಯೊ ಇರೋದೇ ಅದರ ಹೊಟ್ಟೆಯಲ್ಲಿ! ಒಳಗಿನ ಕೆಪಾಸಿಟರ್‌ಗಳದು ಒಂದು ಒರಟು ಲೆಕ್ಕ: ಶಾಖ 10 ಡಿಗ್ರಿ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧ. ಮುಂಗಾಜಿಗೆ ಸನ್‌ಶೇಡ್ ಹಾಕೋಕೆ ಅರ್ಧ ನಿಮಿಷ, ಅದಕ್ಕೂ ನಮಗೆ ಸೋಮಾರಿತನ.

ಹತ್ತಿದ ಕೂಡಲೇ ಬಾಸ್ ಏರಿಸಬೇಡಿ. ಗಾಜು ಇಳಿಸಿ, ಬಿಸಿಗಾಳಿ ಹೋಗಲಿ, ಎಸಿ ಐದು ನಿಮಿಷ ಓಡಲಿ. ಜೋರು ಹಾಡಿನ ನಡುವೆ ಸದ್ದು ಥಟ್ಟನೆ ನಿಂತರೆ ಕೆಟ್ಟೇಹೋಯ್ತು ಅಂದ್ಕೋಬೇಡಿ. ಸುಟ್ಟುಹೋಗದಿರಲಿ ಅಂತ ಆಂಪ್ಲಿಫೈಯರ್ ತಾನೇ ಬಾಯಿ ಮುಚ್ಚಿಕೊಂಡಿರಬಹುದು. ತಣಿಯಲು ಬಿಡಿ. ಆಮೇಲೆ ಡಿಕ್ಕಿ ತೆಗೆದು ನೋಡಿ: ನಮ್ಮ ಕರಾವಳಿಯವರದ್ದಾದರೆ, ಆಂಪ್ಲಿಫೈಯರ್ ಮೇಲೆ ಕುಚ್ಚಲಕ್ಕಿ ಚೀಲ ಕೂತಿರುತ್ತೆ! ಆಂಪ್ಲಿಫೈಯರ್ ಬೆನ್ನಿನ ಲೋಹದ ಏಣುಗಳು ಇರೋದು ಗಾಳಿಯಾಡೋಕೆ.

ಇನ್ನು ಕಡಲು. ಬುದಯ್ಯದ ಉಪ್ಪುಗಾಳಿಗೆ ಬಾಗಿಲ ಸ್ಪೀಕರಿನ ಹಿಂದೆ, ವೈರು ಸೇರೋ ಜಾಗದಲ್ಲಿ, ಹಸಿರು ಪುಡಿ ಕಟ್ಟುತ್ತೆ. ಸ್ಪೀಕರ್ ಕರಕರ ಅಂದರೆ ಹೊಸದು ಕೊಳ್ಳೋ ಮೊದಲು ಅಲ್ಲಿ ನೋಡಿ. ಸ್ಟೀರಿಯೊ ಆಫ್ ಮಾಡಿ, ವೈರು ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒರೆಸಿ, ಒಣಗಿದ ಮೇಲೆ ಬಿಗಿಯಾಗಿ ಸಿಕ್ಕಿಸಿ. ಹಾಡು ಹಾಕಿ ಕೇಳಿ.