ಕಾಳಿ ಯಾವ ಟೇಬಲ್‌ನಲ್ಲಿರಬೇಕು?

ಆತಕೂರು ಶಾಸನ ನಿಮಗೆ ಹೊಸದೇನಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಈ ಕಲ್ಲು ಕ್ರಿ.ಶ. 949-50ರದು. ತಕ್ಕೋಲದ ಯುದ್ಧದ ಸುದ್ದಿಯ ಜೊತೆಗೆ, ಮಣಲೇರ ಬೇಡಿ ಪಡೆದ ‘ಕಾಳಿ’ ಎಂಬ ನಾಯಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತದ್ದು ಇದರಲ್ಲಿದೆ. ಕಲ್ಲು ನಿಲ್ಲಿಸಿದ್ದು ಕಾಳಿಯ ನೆನಪಿಗೆ.

ಶಾಸನಗಳನ್ನು ಡೇಟಾಬೇಸ್‌ಗೆ ಹಾಕಲು ಕೂತಾಗ ನನ್ನನ್ನು ತಡೆದು ನಿಲ್ಲಿಸಿದ್ದು ಈ ಕಾಳಿಯೇ. ‘ಸ್ಮಾರಕಶಿಲೆ’ ಟೇಬಲ್‌ನಲ್ಲಿ ‘ಯಾರ ನೆನಪಿಗೆ’ ಎಂಬ ಕಾಲಂ ಇತ್ತು. ಅದರಲ್ಲಿ ಇರುತ್ತಿದ್ದದ್ದು ‘ವ್ಯಕ್ತಿಗಳು’ ಟೇಬಲ್‌ನ ಐಡಿ. ನಾಯಿ ವ್ಯಕ್ತಿ ಅಲ್ಲವಲ್ಲ! ಸರಿ, ‘ಪ್ರಾಣಿಗಳು’ ಅಂತ ಇನ್ನೊಂದು ಟೇಬಲ್ ಮಾಡಿ, ಶಿಲೆಯ ಟೇಬಲ್‌ನಲ್ಲಿ ಎರಡು ಕಾಲಂ ಇಟ್ಟೆ: ‘ಬಗೆ’ ಮತ್ತು ‘ಐಡಿ’. ಬಗೆ ‘ಪ್ರಾಣಿ’, ಐಡಿ 1 ಅಂದರೆ ಕಾಳಿ. ಪಾಲಿಮಾರ್ಫಿಕ್ ಸಂಬಂಧ ಅನ್ನೋದು ಇದನ್ನೇ. ಕೊಂಡಿ ಒಂದೇ, ಅದು ಹೋಗಿ ಸೇರುವ ಟೇಬಲ್ ಮಾತ್ರ ಸಾಲಿನಿಂದ ಸಾಲಿಗೆ ಬೇರೆ.

ಒಂದು ದಿನ ಪಟ್ಟಿ ತೆಗೆದರೆ ಆತಕೂರಿನ ಕಲ್ಲು ಯಾರೋ ಬೇರೆ ವೀರನ ಹೆಸರಲ್ಲಿ ಬಂತು! ತಪ್ಪು ನನ್ನದೇ. ಜಾಯಿನ್ ಬರೆಯುವಾಗ ಐಡಿ ಮಾತ್ರ ಹೊಂದಿಸಿದ್ದೆ, ಬಗೆಯನ್ನು ಮರೆತಿದ್ದೆ. ಐಡಿ 1 ವ್ಯಕ್ತಿಗಳಲ್ಲೂ ಇದೆ, ಪ್ರಾಣಿಗಳಲ್ಲೂ ಇದೆ. ಡೇಟಾಬೇಸ್ ತುಟಿಪಿಟಕ್ಕೆನ್ನದೆ ತಪ್ಪು ಹೆಸರು ಕೊಟ್ಟಿತು. ಎರಡೂ ಟೇಬಲ್‌ಗೆ ಬೇರೆ ಬೇರೆ ಲೆಫ್ಟ್ ಜಾಯಿನ್ ಬರೆದು, ಪ್ರತಿಯೊಂದರಲ್ಲೂ ಐಡಿ ಮತ್ತು ಬಗೆ ಎರಡನ್ನೂ ಹೊಂದಿಸಬೇಕಿತ್ತು.

ಇನ್ನೊಂದು ತೊಡಕೂ ಇದೆ. ಫಾರಿನ್ ಕೀ ಒಂದು ನಿರ್ದಿಷ್ಟ ಟೇಬಲ್‌ಗೆ ಕಟ್ಟುವ ಗಂಟು. ಗುರಿ ಬದಲಾಗುತ್ತಾ ಇದ್ದರೆ ಗಂಟು ಹಾಕೋಕಾಗಲ್ಲ. ನಾಳೆ ಯಾರಾದರೂ ಕಾಳಿಯ ಸಾಲನ್ನು ಅಳಿಸಿದರೆ ತಡೆಯುವವರೇ ಇಲ್ಲ, ಶಿಲೆ ಅನಾಥ.

ಕೊನೆಗೆ ನಾನು ಮಾಡಿದ್ದು ಇಷ್ಟು: ‘ಸ್ಮರಣೀಯರು’ ಎಂಬ ತಾಯಿ ಟೇಬಲ್. ಹೆಸರು, ಬಗೆ, ಐಡಿ ಹುಟ್ಟುವುದು ಅಲ್ಲೇ. ವ್ಯಕ್ತಿಗಳು, ಪ್ರಾಣಿಗಳು ಎರಡೂ ಟೇಬಲ್‌ಗಳು ಅದೇ ಐಡಿಯನ್ನು ಪಡೆದು ತಮ್ಮ ವಿವರಗಳನ್ನಷ್ಟೇ ಇಟ್ಟುಕೊಳ್ಳುತ್ತವೆ. ಶಿಲೆಯ ಫಾರಿನ್ ಕೀ ಈಗ ತಾಯಿಗೆ. ಹೆಸರು ಬೇಕೆಂದರೆ ಒಂದೇ ಜಾಯಿನ್ ಸಾಕು, ಶಿಲೆ ಇರುವ ತನಕ ತಾಯಿ ಟೇಬಲ್‌ನಿಂದ ಆ ಹೆಸರನ್ನು ಅಳಿಸಲೂ ಆಗದು. ಬಗೆಗಳು ಎರಡೇ ಇದ್ದರೆ ಇಷ್ಟೂ ಬೇಡ. ಎರಡು ಪ್ರತ್ಯೇಕ ಫಾರಿನ್ ಕೀ ಕಾಲಂ ಇಟ್ಟು, ಒಂದು ಮಾತ್ರ ತುಂಬಿರಬೇಕೆಂಬ ಚೆಕ್ ನಿಯಮ ಹಾಕಿದರೂ ನಡೆಯುತ್ತೆ.

ನಿಮ್ಮೂರಿನ ವೀರಗಲ್ಲುಗಳ ಪಟ್ಟಿ ಮಾಡುತ್ತಿದ್ದರೆ ಇದನ್ನು ಮೊದಲೇ ಯೋಚಿಸಿ. ಸಾವಿರ ವರ್ಷ ಕಲ್ಲು ಕಾಪಾಡಿದ ಹೆಸರು ನಮ್ಮ ಕೈಯಲ್ಲಿ ಅದಲುಬದಲಾಗಬಾರದು.