ಸಂಘದ ನಿಯಮ ಎಷ್ಟು ಉದ್ದ ಇರಬೇಕು?



ಪುಣೆಯಲ್ಲಿ ಹೋಟೆಲ್ ನಡೆಸುವ ನಮಗೆ ಬೋರ್ಡು ಓದುವುದು ಹೊಸತಲ್ಲ. ಸದಾಶಿವ ಪೇಠೆ, ನಾರಾಯಣ ಪೇಠೆಯ ಓಣಿಗಳಲ್ಲಿ ಹೋದರೆ ಮನೆಮನೆಯ ಬಾಗಿಲಲ್ಲೂ ಒಂದು 'ಪುಣೇರಿ ಪಾಟಿ' ಕಾಣುತ್ತದೆ. ಇಲ್ಲಿ ಗಾಡಿ ನಿಲ್ಲಿಸಬೇಡಿ, ಬೆಲ್ ಒಂದೇ ಸಲ ಒತ್ತಿ, ವಿಳಾಸ ಕೇಳಬೇಡಿ, ಮಧ್ಯಾಹ್ನ ಎಬ್ಬಿಸಬೇಡಿ. ಓದಿ ನಗುತ್ತೇವೆ, ಅದರ ಕೆಳಗೇ ಗಾಡಿ ನಿಲ್ಲಿಸುತ್ತೇವೆ.

ಮೊನ್ನೆ ಒಂದು ಸಂಘದ ಹೊಸ ನಿಯಮಾವಳಿಯ ಕರಡು ನನ್ನ ಕೈಗೆ ಬಂತು. ಓದುತ್ತಾ ಹೋದಂತೆ ನನಗೆ ಪುಣೇರಿ ಪಾಟಿಯೇ ನೆನಪಾಯಿತು. ಸದಸ್ಯ ಹೇಗೆ ಮಾತಾಡಬೇಕು, ಸಭೆಗೆ ಎಷ್ಟು ಹೊತ್ತಿಗೆ ಬರಬೇಕು, ಯಾರು ಯಾರ ಭಟ್ಟರನ್ನು ಕರೆಯಬಾರದು ಎಂದು ಪುಟಗಟ್ಟಲೆ ಬರೆದಿದ್ದಾರೆ. ನಾನು ಎಸ್ಸೆಸ್ಸೆಲ್ಸಿ ಓದಿದವನು, ಕಾನೂನು ಪಂಡಿತನಲ್ಲ. ಆದರೆ ಗಲ್ಲಾದಲ್ಲಿ ಕುಳಿತು, ಸಂಘದಲ್ಲಿ ಓಡಾಡಿ ಕಲಿತದ್ದನ್ನು ಹೇಳಬೇಕೆನಿಸಿ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ನಾನು ಸಹಿ ಹಾಕಿದ ಪತ್ರ

ಹಲವು ವರ್ಷಗಳ ಹಿಂದೆ ಒಂದು ಸಣ್ಣ ಸಂಘಕ್ಕೆ ನಾನು ಕಾರ್ಯದರ್ಶಿಯಾಗಿದ್ದೆ. ಹೆಸರು ಬೇಡ. ದೊಡ್ಡ ಹೋಟೆಲಿನವರು ವಾರ್ಷಿಕೋತ್ಸವದ ಊಟಕ್ಕೆ ಮಾತ್ರ ಬರುತ್ತಾರೆ, ಉಳಿದ ಸಭೆಗೆ ಮುಖ ತೋರಿಸುವುದಿಲ್ಲ ಎಂಬ ಸಿಟ್ಟಿನಲ್ಲಿ ನಾವೊಂದು ನಿಯಮ ಮಾಡಿದೆವು. ಸತತ ಮೂರು ಸಭೆಗೆ ರಿಜಿಸ್ಟರಿನಲ್ಲಿ ಸಹಿ ಇಲ್ಲದಿದ್ದರೆ ಸದಸ್ಯತ್ವ ರದ್ದು. ಬರೆದದ್ದು ನಾನೇ. ಯಾರೂ ತಪ್ಪಿಸಿಕೊಳ್ಳದಂತೆ ಬಿಗಿಯಾಗಿ ಬರೆದೆ ಎಂದು ಹೆಮ್ಮೆಪಟ್ಟೆ.

ಆದದ್ದೇನು? ದೊಡ್ಡವರು ಮ್ಯಾನೇಜರನ್ನು ಕಳಿಸಿ ಸಹಿ ಹಾಕಿಸಿದರು. ನಿಯಮದಲ್ಲಿ ಸಹಿ ಬೇಕು ಎಂದಿತ್ತು, ಯಾರ ಸಹಿ ಎಂದಿರಲಿಲ್ಲ. ಸಿಕ್ಕಿಬಿದ್ದವರು ಕುಂದಾಪುರ ಕಡೆಯ ಒಬ್ಬ ಹಿರಿಯರು. ನಾಲ್ಕು ಟೇಬಲ್ಲಿನ ಹೋಟೆಲು. ಬೆಳಿಗ್ಗೆ ತಾವೇ ಇಡ್ಲಿ ಇಳಿಸಿ, ಮಧ್ಯಾಹ್ನ ತಾವೇ ಗಲ್ಲಾದಲ್ಲಿ ಕೂರುವವರು. ನಮ್ಮ ಸಭೆ ಇರುತ್ತಿದ್ದ ದಿನವೇ ಅವರ ಹೆಂಡತಿಗೆ ಡಯಾಲಿಸಿಸ್. ಸಮಿತಿಯಲ್ಲಿ ಒಬ್ಬರು "ಪಾಪ, ಬಿಟ್ಟುಬಿಡಿ" ಎಂದರು. "ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ" ಎಂದವನು ನಾನು. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಪತ್ರ ಹೋಯಿತು.

ಅವರು ಜಗಳಕ್ಕೆ ಬರಲಿಲ್ಲ. ಒಂದು ಸಂಜೆ ನನ್ನ ಹೋಟೆಲಿಗೆ ಬಂದು ಸದಸ್ಯತ್ವದ ಕಾರ್ಡು ಗಲ್ಲಾದ ಮೇಲಿಟ್ಟರು. "ಸೆಕ್ರೆಟರಿಯವರೇ, ನಿಮ್ಮ ನಿಯಮದಲ್ಲಿ ಮನೆಯವಳ ಕಾಯಿಲೆಗೆ ಜಾಗ ಇಲ್ಲ ಅಲ್ಲವಾ" ಎಂದರು. ಒಂದು ಚಹಾ ಕುಡಿದರು. ಏಳುವಾಗ ಚಹಾದ ದುಡ್ಡು ಇಟ್ಟು ಹೋದರು. ಹೋಟೆಲಿನವರು ಹೋಟೆಲಿನವರ ಹತ್ತಿರ ಚಹಾಕ್ಕೆ ದುಡ್ಡು ತೆಗೆದುಕೊಳ್ಳುವುದುಂಟೇ? ಕೊಟ್ಟರೆ ಅದರ ಅರ್ಥ ಏನು ಎಂದು ನಿಮಗೆ ಹೇಳಬೇಕಾಗಿಲ್ಲ. ಅವರು ಮತ್ತೆ ಸಂಘಕ್ಕೆ ಬರಲಿಲ್ಲ.

ಹಾಗಾದರೆ ಒಂದೇ ಸಾಲು ಸಾಕೇ?

ಈ ಪಾಠ ಕಲಿತ ಮೇಲೆ ನಾವು ಇನ್ನೊಂದು ತುದಿಗೆ ಹೋದೆವು. "ಸದಸ್ಯರು ಪರಸ್ಪರ ಸೌಹಾರ್ದದಿಂದ ವರ್ತಿಸತಕ್ಕದ್ದು" ಎಂದು ಒಂದೇ ಸಾಲು ಬರೆದೆವು. ಆ ವರ್ಷ ಗಣೇಶೋತ್ಸವಕ್ಕೆ ಎರಡು ದಿನ ಇರುವಾಗ ಒಬ್ಬ ಸದಸ್ಯರ ದೋಸೆ ಭಟ್ಟರನ್ನು ಇನ್ನೊಬ್ಬರು ಹೆಚ್ಚು ಸಂಬಳ ತೋರಿಸಿ ಕರೆದುಕೊಂಡರು. ಪುಣೆಯ ಗಣೇಶೋತ್ಸವ ಎಂದರೆ ರಾತ್ರಿಯಿಡೀ ಗಿರಾಕಿ. ಇವರು ತವಾ ಆರಿಸಿ ಕುಳಿತರು. ಸಭೆಯಲ್ಲಿ ಇಬ್ಬರೂ ಅದೇ 'ಸೌಹಾರ್ದ'ದ ಸಾಲನ್ನೇ ಓದಿ ಹೇಳಿದರು. ನಾವು ತಲೆ ಕೆರೆದುಕೊಂಡೆವು.

ಉದ್ದ ಬರೆದಾಗ ಬಡವ ಸಿಕ್ಕಿಬಿದ್ದ, ಗಿಡ್ಡ ಬರೆದಾಗ ಜೋರಿದ್ದವನು ಗೆದ್ದ. ಆದ್ದರಿಂದ ಪುಟ ಎಷ್ಟು ಎಂದು ಎಣಿಸಿ ಪ್ರಯೋಜನವಿಲ್ಲ. ಯಾವ ವಿಷಯಕ್ಕೆ ಎಷ್ಟು ವಿವರ ಬೇಕು ಎಂಬುದೇ ನೋಡಬೇಕಾದದ್ದು.

ಎಲ್ಲಿ ವಿವರ ಬೇಕೇ ಬೇಕು

ಮೊದಲನೆಯದು ದುಡ್ಡು ಮತ್ತು ಚುನಾವಣೆ. ಚೆಕ್ಕಿಗೆ ಯಾರ ಯಾರ ಸಹಿ, ಸಭೆಗೆ ಎಷ್ಟು ದಿನ ಮೊದಲು ನೋಟೀಸು, ಕೋರಂ ಎಷ್ಟು, ಯಾರಿಗೆ ಮತ. ಇಲ್ಲಿ ಒಂದೊಂದು ಅಂಕಿಯೂ ಬರೆದಿರಬೇಕು. 1860ರ ಸೊಸೈಟಿ ನೋಂದಣಿ ಕಾಯ್ದೆ ಮತ್ತು ಮಹಾರಾಷ್ಟ್ರದ 1950ರ ಸಾರ್ವಜನಿಕ ವಿಶ್ವಸ್ತ ಕಾಯ್ದೆ ಎರಡರಡಿಯೂ ನೋಂದಣಿಯಾದ ಸಂಘಗಳು ನಮ್ಮಲ್ಲಿವೆ. ಪದಾಧಿಕಾರಿಗಳು ಬದಲಾದರೆ 90 ದಿನದೊಳಗೆ ಧರ್ಮಾದಾಯ ಆಯುಕ್ತರ ಕಚೇರಿಗೆ ಚೇಂಜ್ ರಿಪೋರ್ಟ್ ಕೊಡಬೇಕು. ಇವರು ಆರಿಸಿ ಬಂದದ್ದು ಹೇಗೆ ಎಂದು ಅಲ್ಲಿ ಕೇಳಿದರೆ 'ಸೌಹಾರ್ದದಿಂದ' ಎಂದು ಉತ್ತರಿಸಲಾಗದು.

ಎರಡನೆಯದು ಸದಸ್ಯನನ್ನು ತೆಗೆಯುವ ವಿಷಯ. ನಮ್ಮ ಬೆಳಗಾವಿಯದೇ ಒಂದು ಮೊಕದ್ದಮೆ ಇದೆ ಎಂದು ವಕೀಲರಾದ ಒಬ್ಬ ಗಿರಾಕಿ ಹೇಳಿದರು. ಅಲ್ಲಿನ ಲಾಡ್ಜ್ ವಿಕ್ಟೋರಿಯಾದಿಂದ ಒಬ್ಬ ಸದಸ್ಯರನ್ನು ತೆಗೆದು ಹಾಕಿದ್ದರು. ಲಾಡ್ಜ್ ಎಂದರೆ ನಮ್ಮ ಬೋರ್ಡಿಂಗ್ ಲಾಡ್ಜಿಂಗ್ ಅಲ್ಲ, ಅದು ಫ್ರೀಮೇಸನ್‌ರ ಸಂಘ. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ 1962ರ ಡಿಸೆಂಬರಿನಲ್ಲಿ ತೀರ್ಪಾಯಿತು. ಸದಸ್ಯ ಸಂಘದ ನಿಯಮಕ್ಕೆ ಬದ್ಧ. ಸಂಘವೂ ತನ್ನ ನಿಯಮದಲ್ಲಿ ಹೇಳಿದ ರೀತಿಯಲ್ಲೇ ತೆಗೆಯಬೇಕು, ಅವನ ಮಾತು ಕೇಳಬೇಕು, ಮನಸ್ಸಿನಲ್ಲಿ ಕಪಟ ಇರಬಾರದು. ಇಷ್ಟು ಸರಿ ಇದ್ದರೆ ಕೋರ್ಟು ಕೈ ಹಾಕುವುದಿಲ್ಲ. ಆ ಸದಸ್ಯರು ಸೋತರು. ಸಂಘ ಗೆದ್ದದ್ದು ಕ್ರಮ ಪಾಲಿಸಿದ್ದರಿಂದ. ನಮ್ಮ ಪತ್ರದ ವಿಷಯದಲ್ಲಿ ನಾವು ಅವರನ್ನು ಕರೆದು ಒಂದು ಮಾತೂ ಕೇಳಿರಲಿಲ್ಲ.

ಎಲ್ಲಿ ನಾವು ಬರೆಯಲೇಬಾರದು

ಶುಚಿತ್ವದ ನಿಯಮವನ್ನು ಸಂಘ ಹೊಸದಾಗಿ ಬರೆಯುವುದು ಬೇಡ. 2006ರ ಆಹಾರ ಸುರಕ್ಷತೆ ಕಾಯ್ದೆ, ಅದರಡಿ 2011ರಲ್ಲಿ ಬಂದ ನಿಯಮಗಳ 4ನೇ ಶೆಡ್ಯೂಲಿನಲ್ಲಿ ಎಲ್ಲಾ ವಿವರವೂ ಇದೆ. ಬಿಸಿ ಪದಾರ್ಥ 60 ಡಿಗ್ರಿಗಿಂತ ಕಡಿಮೆಯಾಗಬಾರದು, ತಣ್ಣಗಿಡುವುದು 5 ಡಿಗ್ರಿ ಮೀರಬಾರದು. ಅಡುಗೆಯ ವಿಷಯದಲ್ಲಿ ಅಂಕಿ ಬೇಕು, ಏಕೆಂದರೆ 'ಬಿಸಿ' ಎಂದರೆ ಭಟ್ಟರಿಗೊಂದು, ಸಾಂಬಾರಿನ ಹುಳಿ ಹೆಚ್ಚಿಸುವ ಕ್ರಿಮಿಗೊಂದು. ಸಂಘದ ಕೆಲಸ ಅದನ್ನು ನಕಲು ಮಾಡುವುದಲ್ಲ, ಹುಡುಗರಿಗೆ ಕನ್ನಡದಲ್ಲೂ ಹಿಂದಿಯಲ್ಲೂ ತಿಳಿಸಿ ಹೇಳುವುದು.

ದರದ ವಿಷಯದಲ್ಲಂತೂ ಪೆನ್ನು ಮುಟ್ಟಬೇಡಿ. ಆ ಕರಡಿನಲ್ಲಿ 'ಸದಸ್ಯರೆಲ್ಲರೂ ಚಹಾ, ಇಡ್ಲಿಯನ್ನು ಸಂಘ ನಿಗದಿಪಡಿಸಿದ ದರಕ್ಕೇ ಮಾರತಕ್ಕದ್ದು' ಎಂದಿತ್ತು. 2002ರ ಸ್ಪರ್ಧಾ ಕಾಯ್ದೆಯ 3ನೇ ಕಲಮು 2009ರ ಮೇ ತಿಂಗಳಿಂದ ಜಾರಿಯಲ್ಲಿದೆ. ವ್ಯಾಪಾರಿಗಳ ಸಂಘ ಸೇರಿ ಬೆಲೆ ಗೊತ್ತುಮಾಡಿದರೆ ಅದು ಸಂಘಕ್ಕೂ ಪದಾಧಿಕಾರಿಗಳಿಗೂ ದಂಡದ ದಾರಿ. ಒಗ್ಗಟ್ಟಿಗೆ ಎಂದು ಬರೆದ ಸಾಲೇ ನಮ್ಮ ಮೇಲೆ ಸಾಕ್ಷಿಯಾಗುತ್ತದೆ.

ಉಳಿದದ್ದಕ್ಕೆ ಸಣ್ಣ ನಿಯಮ, ದೊಡ್ಡ ಮನಸ್ಸು

ಬೆಂಗಳೂರಿನ ಎಂಟಿಆರ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿನ ಹೋಟೆಲುಗಳನ್ನು ನೋಡಿ ಬಂದರು. ಆಮೇಲೆ ಗಿರಾಕಿಗಳು ಅಡುಗೆಮನೆ ನೋಡಿಕೊಂಡೇ ಊಟಕ್ಕೆ ಹೋಗುವ ಪದ್ಧತಿ ಅಲ್ಲಿ ಹೆಸರಾಯಿತು. ಯೋಚಿಸಿ ನೋಡಿ, ಅಡುಗೆಯವರಿಗೆ ಇದಕ್ಕಿಂತ ಬಲವಾದ ಶುಚಿತ್ವದ ನಿಯಮ ಬೇಕೇ? ಎಲ್ಲರಿಗೂ ಕಾಣುವಂತೆ ಇದ್ದರೆ ಅರ್ಧ ನಿಯಮ ಬರೆಯುವ ಅಗತ್ಯವೇ ಬೀಳುವುದಿಲ್ಲ.

ಭಟ್ಟರನ್ನು ಸೆಳೆಯುವ ಜಗಳಕ್ಕೂ ಇದೇ ಮದ್ದು. ಕೆಲಸಗಾರ ಯಾರ ಆಸ್ತಿಯೂ ಅಲ್ಲ. ಮೋರಿಯಲ್ಲಿ ಕಪ್ಪು ಬಶಿ ತೊಳೆದು, ಹೋಟೆಲು ಬದಲಿಸಿಯೇ ಮೇಲೆ ಬಂದವರು ನಾವು. ಹೆಚ್ಚು ಸಂಬಳ ಸಿಗುವಲ್ಲಿಗೆ ಅವನು ಹೋಗಬಾರದು ಎಂದು ನಿಯಮ ಮಾಡಿದರೆ ನಮ್ಮ ಹಳೆಯ ದಿನಗಳಿಗೇ ಅನ್ಯಾಯ ಮಾಡಿದಂತೆ. ಆದರೆ ಸೇರಿಸಿಕೊಳ್ಳುವ ಮೊದಲು ಹಳೆಯ ಧಣಿಗೆ ಒಂದು ಫೋನ್ ಮಾಡಬೇಕು, ಹಬ್ಬದ ಹೊತ್ತಾದರೆ ಬದಲಿ ಜನ ಸಿಗಲು ನಾಲ್ಕು ದಿನ ಕೊಡಬೇಕು. ಇಷ್ಟನ್ನು ಬರೆದರೆ ಸಾಕು.

ಪ್ರತಿ ನಿಯಮದ ಕೊನೆಗೆ ಇನ್ನೊಂದು ಸಾಲು ಇರಲಿ ಎಂಬುದು ನನ್ನ ಬೇಡಿಕೆ: "ಕ್ರಮ ಕೈಗೊಳ್ಳುವ ಮೊದಲು ಸಮಿತಿಯ ಇಬ್ಬರು ಆ ಸದಸ್ಯರ ಹೋಟೆಲಿಗೆ ಹೋಗಿ, ಅವರ ಮಾತು ಕೇಳಿ ಬರತಕ್ಕದ್ದು." ಆ ದಿನ ನಾನು ಪೋಸ್ಟಾಫೀಸಿಗೆ ಹೋಗುವ ಬದಲು ನಾಲ್ಕು ಟೇಬಲ್ಲಿನ ಆ ಹೋಟೆಲಿಗೆ ಹೋಗಿದ್ದರೆ ಬಾಗಿಲಲ್ಲೇ ವಿಷಯ ತಿಳಿಯುತ್ತಿತ್ತು. ಸಂಘಕ್ಕೆ ಒಬ್ಬ ಹಿರಿಯರು ಉಳಿಯುತ್ತಿದ್ದರು.

ಅವರು ಇಟ್ಟು ಹೋದ ಆ ದುಡ್ಡನ್ನು ನಾನು ಲೆಕ್ಕಕ್ಕೆ ಸೇರಿಸಲಿಲ್ಲ. ಇವತ್ತಿಗೂ ಗಲ್ಲಾದ ಒಳಮೂಲೆಯಲ್ಲಿದೆ. ನಿಮ್ಮ ನಿಮ್ಮ ಸಂಘದ ನಿಯಮಾವಳಿ ತಿದ್ದಲು ಕುಳಿತಾಗ ಪ್ರತಿ ಕಲಮಿಗೂ ಒಮ್ಮೆ ಕೇಳಿಕೊಳ್ಳಿ, ಇದರಲ್ಲಿ ಸಿಕ್ಕಿಬೀಳುವವರು ಯಾರು? ನಿಮ್ಮ ಅನುಭವವನ್ನೂ ಈ ಪುಟಕ್ಕೆ ಬರೆದು ಕಳಿಸಿ, ನಾಲ್ಕು ಜನರಿಗೆ ಉಪಯೋಗವಾಗಲಿ.