ವರ್ಣಭೇದವೂ ಮಿಶ್ರವಿವಾಹವೂ

ಬೆಂಗಳೂರಿನ ದಂಡು ಪ್ರದೇಶವು ಬ್ರಿಟಿಷರ ಕೈಯಿಂದ ಮೈಸೂರು ಸಂಸ್ಥಾನಕ್ಕೆ ಮರಳಿದುದು 1947ನೆಯ ಇಸವಿ ಜುಲೈ 26ರಂದು. 1949ರಲ್ಲಿ ಪೇಟೆಯ ಪುರಸಭೆಯೂ ದಂಡಿನ ಪುರಸಭೆಯೂ ಕೂಡಿ ಒಂದೇ ಕಾರ್ಪೊರೇಷನ್ ಆಯಿತು. 1809ರಿಂದ ಹಲಸೂರಿನ ಕಡೆ ಬೀಡುಬಿಟ್ಟಿದ್ದ ಪರಕೀಯರ ದಂಡು ಹೊರಟುಹೋಯಿತು. ಬ್ಲಾಕ್‌ಪಳ್ಳಿಯು ಶಿವಾಜಿನಗರವಾಯಿತು. ‘ಬಿಳಿ ಅಕ್ಕಿ ಪಳ್ಳಿ’ಯೆಂಬ ಹಳೆಯ ಹೆಸರೇ ಆಂಗ್ಲರ ನಾಲಗೆಯಲ್ಲಿ ತಿರುಚಿಕೊಂಡು ‘ಬ್ಲಾಕ್‌ಪಳ್ಳಿ’ ಆಯಿತೆಂದು ಹಿರಿಯರು ಹೇಳುವುದುಂಟು. ಊರನ್ನು ಬಿಳಿಯದು ಕರಿಯದು ಎಂದು ವಿಂಗಡಿಸಿದ ಕಾಲಕ್ಕೆ ಅದು ಒಪ್ಪುವ ಕಥೆಯೇ ಸರಿ. ಆ ಕಾಲವು ಮುಗಿಯಿತು. ಆದರೆ ಮನುಷ್ಯನನ್ನು ಮೈಬಣ್ಣದಿಂದ ಅಳೆಯುವ ಕೋಲು ಆ ದಂಡಿನೊಡನೆಯೇ ಹಡಗು ಹತ್ತಿತೇ, ಅಥವಾ ನಮ್ಮ ಮನೆಯ ಮೂಲೆಯಲ್ಲಿ ಉಳಿದುಕೊಂಡಿತೇ?

ಇದನ್ನು ಪರೀಕ್ಷಿಸುವುದಕ್ಕೆ ಮದುವೆಗಿಂತ ಒಳ್ಳೆಯ ಒರೆಗಲ್ಲು ಬೇರೆ ಇಲ್ಲ. ಸಭೆಯಲ್ಲಿ ಸಮಾನತೆಯನ್ನು ಹೊಗಳುವುದು ಸುಲಭ. ಕಚೇರಿಯಲ್ಲಿ ಒಟ್ಟಿಗೆ ಕುಳಿತು ಕೆಲಸಮಾಡುವುದೂ ಅಷ್ಟೇನು ಕಷ್ಟವಲ್ಲ. ಅನ್ಯ ವಂಶದವನೊಬ್ಬನು ಮಗಳನ್ನು ಕೇಳಿಕೊಂಡು ಬಾಗಿಲಿಗೆ ಬಂದಾಗಲೇ ಮನೆಯ ಯಜಮಾನನ ನಿಜವಾದ ಮನಸ್ಸು ಹೊರಬೀಳುವುದು. ವರ್ಣಭೇದವು ಪರಂಗಿಯವರು ತಂದ ರೋಗ, ಅವರೊಡನೆಯೇ ಹೋಯಿತು ಎಂಬ ಸಮಾಧಾನವು ನಮ್ಮಲ್ಲಿ ಬಹುಮಂದಿಗೆ ಇದೆ. ಈ ಸಮಾಧಾನವು ಅರ್ಧ ಸತ್ಯವೆಂದೂ, ಉಳಿದ ಅರ್ಧವು ನಮ್ಮದೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಪರಕೀಯರ ಅರ್ಧವನ್ನು ನೋಡೋಣ. ಮಿಶ್ರವಿವಾಹವನ್ನು ಆಂಗ್ಲರು ಆದಿಯಿಂದಲೂ ದ್ವೇಷಿಸಿದರೆಂಬುದು ತಪ್ಪು. 1687ರಲ್ಲಿ ಕುಂಪಣಿಯ ನಿರ್ದೇಶಕರು ಮದರಾಸಿಗೆ ಬರೆದ ಕಾಗದದಲ್ಲಿ ತಮ್ಮ ಸಿಪಾಯಿಗಳು ಈ ದೇಶದ ಸ್ತ್ರೀಯರನ್ನು ಮದುವೆಯಾಗುವುದಕ್ಕೆ ಪ್ರೋತ್ಸಾಹ ಕೊಡಬೇಕೆಂದು ಆಜ್ಞಾಪಿಸಿದ್ದರು. ಇಂಥ ಮದುವೆಯಿಂದ ಹುಟ್ಟಿದ ಮಗುವಿಗೆ ಕ್ರೈಸ್ತ ದೀಕ್ಷೆಯಾದ ದಿನ ತಾಯಿಗೆ ಒಂದು ವರಹವನ್ನು ಕೊಡುವಂತೆ ಹೇಳಿದ್ದರು. ಆಗ ಕುಂಪಣಿಗೆ ಜನ ಬೇಕಾಗಿದ್ದರು, ಅದಕ್ಕೆ ಬಣ್ಣವು ಅಡ್ಡಿಯಾಗಲಿಲ್ಲ. ನೂರು ವರ್ಷ ಕಳೆಯುವಷ್ಟರಲ್ಲಿ ಕುಂಪಣಿಯು ರಾಜ್ಯವಾಳತೊಡಗಿತು. ಕೂಡಲೇ ನೀತಿಯೂ ತಿರುಗಿಬಿದ್ದಿತು. 1786ರಲ್ಲಿ ಕಲ್ಕತ್ತೆಯ ಅನಾಥಾಲಯದ ಮಿಶ್ರಸಂತತಿಯ ಮಕ್ಕಳು ವಿದ್ಯೆಗಾಗಿ ಇಂಗ್ಲೆಂಡಿಗೆ ಹೋಗುವುದನ್ನು ತಡೆದರು. 1791ರಲ್ಲಿ ದೇಶೀಯ ತಾಯಿತಂದೆಗಳ ಮಕ್ಕಳಿಗೆ ಕುಂಪಣಿಯ ಮೇಲ್ದರ್ಜೆಯ ನೌಕರಿಗಳನ್ನು ಮುಚ್ಚಿದರು. 1795ರಲ್ಲಿ ಅವರನ್ನು ಸೈನ್ಯದಿಂದಲೂ ತೆಗೆದುಹಾಕಿ, ವಾದ್ಯ ಬಾರಿಸುವುದು, ಕುದುರೆಗೆ ಲಾಳ ಕಟ್ಟುವುದು ಮುಂತಾದ ಕೆಲಸಗಳನ್ನು ಮಾತ್ರ ಉಳಿಸಿದರು. ತಂದೆಯ ರಕ್ತವು ಒಂದೇ ಆಗಿತ್ತು, ತಾಯಿಯ ರಕ್ತವೂ ಒಂದೇ ಆಗಿತ್ತು. ಬದಲಾದುದು ಆಳುವವನ ಅವಶ್ಯಕತೆ ಮಾತ್ರ.

ಬೆಂಗಳೂರಿನ ದಂಡು ಸ್ಥಾಪಿತವಾದುದು ಈ ಆಜ್ಞೆಗಳಾದ ಮೇಲೆ. ಆದುದರಿಂದ ಇಲ್ಲಿ ಗೋರಾ ಸಿಪಾಯಿಗೂ ಈ ನಾಡಿನ ಹೆಂಗಸಿಗೂ ಹುಟ್ಟಿದ ಮಗುವು ಹುಟ್ಟುವಾಗಲೇ ಕೆಲವು ಬಾಗಿಲುಗಳು ಮುಚ್ಚಿದ್ದುವು. ದಂಡು ಊರು ಬಿಟ್ಟು ಸ್ವದೇಶಕ್ಕೆ ಹೊರಟಾಗ ತಾಯಿಮಕ್ಕಳು ಹಿಂದೆ ಉಳಿಯುವುದು ಸಾಮಾನ್ಯವಾಗಿತ್ತು. 1857ರ ದಂಗೆಯ ತರುವಾಯ ಜನಾಂಗಗಳ ನಡುವೆ ಸಂಶಯವು ಬೆಳೆಯಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಇಂಗ್ಲೆಂಡಿನಿಂದ ಮಡದಿಯರು ಬರುವುದು ಸುಲಭವಾಗಿ, ಬಿಳಿಯರ ಬಡಾವಣೆಗಳ ಬೇಲಿ ಇನ್ನೂ ಎತ್ತರವಾಯಿತು. ಹಾಗೆಂದು ಸಂಬಂಧಗಳು ನಿಂತುವೇ? ನಿಲ್ಲಲಿಲ್ಲ. ಮದುವೆಯನ್ನು ಹೀಗಳೆದ ಸರ್ಕಾರವೇ 1864ರ ದಂಡಿನ ಕಾಯಿದೆಯಿಂದಲೂ, 1868ರಲ್ಲಿ ಜಾರಿಗೆ ಬಂದು 1888ರಲ್ಲಿ ರದ್ದಾದ ಸಾಂಕ್ರಾಮಿಕ ರೋಗಗಳ ಕಾಯಿದೆಯಿಂದಲೂ, ಸಿಪಾಯಿಗಳ ಬಳಿಗೆ ಹೋಗುವ ವೇಶ್ಯೆಯರನ್ನು ಪಟ್ಟಿಮಾಡಿ ವೈದ್ಯಪರೀಕ್ಷೆಗೆ ಒಳಪಡಿಸುವ ಏರ್ಪಾಟನ್ನು ನಡೆಸಿತು. ಧರ್ಮಪತ್ನಿಯಾಗಿ ಒಪ್ಪದ ಹೆಂಗಸನ್ನು ಸರಕಿನಂತೆ ಲೆಕ್ಕವಿಡುವುದಕ್ಕೆ ಅದು ನಾಚಲಿಲ್ಲ. ಮಿಶ್ರಸಂತತಿಯವರಲ್ಲಿ ಯಾರ ರಕ್ತದಲ್ಲಿ ರೂಪಾಯಿಗೆ ಎಷ್ಟಾಣೆ ಕಪ್ಪು ಎಂದು ಲೆಕ್ಕಹಾಕಿ ನಗುವುದು ಸಾಹೇಬರ ವಿನೋದವಾಗಿತ್ತು.

ಇದೇ ಕಾಲದಲ್ಲಿ ನಮ್ಮ ನಾಡಿನ ಇನ್ನೊಬ್ಬ ಹೆಣ್ಣುಮಗಳಿಗೆ ಒದಗಿದ ಗತಿಯನ್ನು ವಾಚಕರು ಹೋಲಿಸಿ ನೋಡಬೇಕು. 1834ರಲ್ಲಿ ಪದಚ್ಯುತನಾದ ಕೊಡಗಿನ ಅರಸು ಚಿಕ್ಕವೀರರಾಜೇಂದ್ರನು 1852ರಲ್ಲಿ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಹೋದನು. ಆ ವರ್ಷ ಜೂನ್ 30ರಂದು ಆಕೆಗೆ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಕೊಟ್ಟಳು. 1860ರಲ್ಲಿ ಆಕೆ ಜಾನ್ ಕ್ಯಾಂಬೆಲ್ ಎಂಬ ಸೇನಾಧಿಕಾರಿಯನ್ನು ಮದುವೆಯಾದಳು. ಮಗಳೊಬ್ಬಳು ಹುಟ್ಟಿದಳು. 1864ರಲ್ಲಿ ಗೌರಮ್ಮನು ಲಂಡನ್ನಿನಲ್ಲಿ ತೀರಿಕೊಂಡಳು. ಬ್ರಾಂಪ್ಟನ್ ಸ್ಮಶಾನದಲ್ಲಿ ಆಕೆಯ ಸಮಾಧಿಯಿದೆ. ಅರಮನೆಗೆ ಈ ಮದುವೆಯಲ್ಲಿ ಯಾವ ಅಪಚಾರವೂ ಕಾಣಲಿಲ್ಲ. ಕೊಡಗಿನ ಅರಸುಮಗಳಿಗೆ ತೆರೆದ ಬಾಗಿಲು ಬೆಂಗಳೂರಿನ ಬಜಾರಿನ ಹೆಂಗಸಿಗೆ ಏಕೆ ತೆರೆಯಲಿಲ್ಲ? ಇಬ್ಬರ ಮೈಬಣ್ಣವೂ ಈ ನಾಡಿನದೇ. ಅಂತಸ್ತೂ ಮತವೂ ಸೇರಿದರೆ ಬಣ್ಣವು ಮಾಯವಾಗುವುದು, ಅವು ಇಲ್ಲದಿದ್ದರೆ ಬಣ್ಣವೇ ಎಲ್ಲವೂ ಆಗುವುದು. ವರ್ಣಭೇದವು ರಕ್ತದ ವಿಚಾರವಲ್ಲ, ಅಧಿಕಾರದ ವಿಚಾರ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಡ.

ಇನ್ನು ನಮ್ಮ ಅರ್ಧ. ಸಾಹೇಬನು ಹೊರಗಿಟ್ಟ ಮಗುವನ್ನು ನಾವು ಎತ್ತಿಕೊಂಡೆವೇ? ಇಲ್ಲ. ತಮಿಳು ಮಾತು ಹೆಚ್ಚಾಗಿದ್ದ ದಂಡಿನಲ್ಲಿ ಆ ಜನಕ್ಕೆ ‘ಚಟ್ಟೆಕಾರರು’, ಅಂದರೆ ಅಂಗಿ ತೊಟ್ಟವರು ಎಂದು ಹೆಸರಿಟ್ಟು ಹಾಸ್ಯಮಾಡಿದೆವು. ಅವರ ತಾಯಿಯನ್ನು ಕುಲಗೆಟ್ಟವಳೆಂದು ಕರೆದು ತವರಿನ ಬಾಗಿಲನ್ನು ಮುಚ್ಚಿದೆವು. ಹೀಗೆ ಮಾಡುವುದಕ್ಕೆ ನಮಗೆ ಯಾವ ಪರಂಗಿಯವನ ಉಪದೇಶವೂ ಬೇಕಾಗಿರಲಿಲ್ಲ. ‘ವರ್ಣಸಂಕರ’ವೆಂಬ ಪದವು ನಮ್ಮಲ್ಲಿ ಕುಂಪಣಿಗಿಂತ ಬಹು ಹಳೆಯದು, ‘ವರ್ಣ’ವೆಂಬ ಶಬ್ದಕ್ಕೆ ಬಣ್ಣವೆಂಬ ಅರ್ಥವೂ ಉಂಟು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಧುವರಸನ ಮಗಳನ್ನು ಹರಳಯ್ಯನ ಮಗನಿಗೆ ಕೊಟ್ಟು ಮದುವೆಮಾಡಿದ ಶರಣರಿಗೆ ಆದ ಶಿಕ್ಷೆಯ ಕಥೆಯನ್ನು ಕನ್ನಡಿಗರಾದವರು ಬಲ್ಲರು. ಆ ಬೀಗರಿಬ್ಬರೂ ಒಂದೇ ನಾಡಿನವರು, ಒಂದೇ ಮಾತಿನವರು. ಆದರೂ ಊರು ಹೊತ್ತಿ ಉರಿಯಿತು. ಜಾತಿಯಿಂದ ಪಳಗಿದ ಮನಸ್ಸಿಗೆ ವರ್ಣಭೇದವು ಹೊಸ ಪಾಠವೇನೂ ಆಗಿರಲಿಲ್ಲ.

ಎರಡು ಕಡೆಯಿಂದಲೂ ಹೊರಗಾದ ಈ ಜನವು ತನ್ನ ದಾರಿಯನ್ನು ತಾನೇ ಹುಡುಕಬೇಕಾಯಿತು. 1882ರಲ್ಲಿ ಮೈಸೂರು ಮಹಾರಾಜ ಚಾಮರಾಜ ಒಡೆಯರು ಕೃಷ್ಣರಾಜಪುರದ ಆಚೆಗೆ 3900 ಎಕರೆ ಭೂಮಿಯನ್ನು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ದಯಪಾಲಿಸಿದರು. ಸಂಘದ ಮುಖಂಡರಾಗಿದ್ದ ಡಿ. ಎಸ್. ವೈಟ್ ಅವರ ಹೆಸರಿನಿಂದ ಅದು ವೈಟ್‌ಫೀಲ್ಡ್ ಆಯಿತು. ಬೇಸಾಯಮಾಡಿಕೊಂಡು ಸ್ವಂತ ಕಾಲಿನ ಮೇಲೆ ನಿಲ್ಲಬೇಕೆಂಬುದು ಅವರ ಆಸೆ. ದೇಶೀಯ ಅರಸರೊಬ್ಬರು ತೋರಿಸಿದ ಔದಾರ್ಯಕ್ಕೆ ಇದು ಸಾಕ್ಷಿಯಾದರೆ, ಮನುಷ್ಯರು ಮನುಷ್ಯರ ನಡುವೆ ಬದುಕಲಾಗದೆ ಬೇರೆ ಊರನ್ನು ಕಟ್ಟಬೇಕಾಯಿತೆಂಬುದು ನಮ್ಮ ಸಮಾಜಕ್ಕೆ ಭೂಷಣವಲ್ಲ. ಮುಂದೆ ರೈಲ್ವೆ, ತಂತಿ, ದಾದಿಯರ ಕೆಲಸ, ಶಿಕ್ಷಣ ಇವುಗಳಲ್ಲಿ ಈ ಜನ ಮಾಡಿದ ಸೇವೆಯು ದೊಡ್ಡದು. 1947ರ ತರುವಾಯ ಅನೇಕ ಕುಟುಂಬಗಳು ಇಂಗ್ಲೆಂಡಿಗೂ ಕೆನಡಕ್ಕೂ ಆಸ್ಟ್ರೇಲಿಯಕ್ಕೂ ತೆರಳಿದುವು. ಹುಟ್ಟಿದ ನೆಲದಲ್ಲಿ ಅವರು ಅನ್ಯರಂತೆ ಭಾವಿಸಿದ್ದಕ್ಕೆ ಕಾರಣವನ್ನು ಅವರಲ್ಲಿ ಮಾತ್ರ ಹುಡುಕುವುದು ನ್ಯಾಯವಾಗಲಾರದು.

ಸ್ವತಂತ್ರ ಭಾರತದ ಕಾಯಿದೆಗಳು ಈ ವಿಷಯದಲ್ಲಿ ಬಹುದೂರ ಮುಂದೆ ಹೋಗಿವೆಯೆಂಬುದನ್ನು ಒಪ್ಪಲೇಬೇಕು. ಬ್ರಿಟಿಷ್ ಇಂಡಿಯದ 1872ರ ವಿಶೇಷ ವಿವಾಹದ ಕಾಯಿದೆಯಂತೆ ಮದುವೆಯಾಗಬೇಕಾದರೆ ವಧೂವರರಿಬ್ಬರೂ ತಾವು ಹಿಂದೂಗಳೂ ಅಲ್ಲ, ಮುಸಲ್ಮಾನರೂ ಅಲ್ಲ, ಕ್ರೈಸ್ತರೂ ಅಲ್ಲ ಎಂದು ಬರೆದುಕೊಡಬೇಕಾಗಿತ್ತು. ಹೆಂಡತಿಗಾಗಿ ದೇವರನ್ನು ಬಿಡು ಎಂಬಂತಿದ್ದ ಈ ನಿಬಂಧನೆಯನ್ನು 1954ರ ಕಾಯಿದೆಯು ತೆಗೆದುಹಾಕಿತು. ಇತರ ದೇಶಗಳನ್ನು ನೋಡಿದರೆ ಇದರ ಬೆಲೆ ತಿಳಿಯುವುದು. ದಕ್ಷಿಣ ಆಫ್ರಿಕವು 1949ರಲ್ಲಿ ಬಿಳಿಯರೂ ಇತರರೂ ಮದುವೆಯಾಗುವುದನ್ನು ನಿಷೇಧಿಸಿ, 1985ರವರೆಗೆ ಆ ನಿಷೇಧವನ್ನು ಉಳಿಸಿಕೊಂಡಿತು. ಅಮೆರಿಕದ ಹದಿನಾರು ಸಂಸ್ಥಾನಗಳಲ್ಲಿದ್ದ ಇಂಥ ಕಾಯಿದೆಗಳು ಅಲ್ಲಿಯ ಸುಪ್ರೀಮ್ ಕೋರ್ಟಿನಿಂದ ಬಿದ್ದುಹೋದುದು 1967ರಲ್ಲಿ. ದಕ್ಷಿಣ ಆಫ್ರಿಕದಲ್ಲಿದ್ದ ಭಾರತೀಯರಿಗಾಗುತ್ತಿದ್ದ ಅನ್ಯಾಯವನ್ನು ಭಾರತವು 1946ರಲ್ಲಿಯೇ ವಿಶ್ವಸಂಸ್ಥೆಯ ಮುಂದಿಟ್ಟು ಆ ದೇಶದೊಡನೆ ವ್ಯಾಪಾರವನ್ನೂ ನಿಲ್ಲಿಸಿತ್ತು. ಜಗತ್ತಿಗೆ ಬುದ್ಧಿ ಹೇಳಿದವರಲ್ಲಿ ನಾವು ಮೊದಲಿಗರು.

ಆದರೂ ನಮ್ಮ ಕಾಯಿದೆಯಲ್ಲಿ ಹಳೆಯ ಮನಸ್ಸಿನ ಗುರುತುಗಳು ಉಳಿದಿವೆ. ಸಂವಿಧಾನದ 366ನೆಯ ಅನುಚ್ಛೇದವು ತಂದೆಯ ಕಡೆಯ ಪೂರ್ವಪುರುಷರಲ್ಲಿ ಐರೋಪ್ಯ ವಂಶವಿದ್ದವರನ್ನು ಮಾತ್ರ ಆಂಗ್ಲೋ-ಇಂಡಿಯನರೆನ್ನುತ್ತದೆ. ತಾಯಿಯ ವಂಶವು ಅಲ್ಲಿ ಲೆಕ್ಕಕ್ಕೆ ಬಾರದು. ಶಾಸನಸಭೆಗಳಲ್ಲಿ ಅವರಿಗಿದ್ದ ನಾಮಕರಣದ ಸ್ಥಾನಗಳು 2020ರ ಜನವರಿಯಲ್ಲಿ ಮುಗಿದುವು, ವ್ಯಾಖ್ಯೆಯು ಉಳಿದಿದೆ. 1954ರ ಕಾಯಿದೆಯ 19ನೆಯ ಪ್ರಕರಣದಂತೆ, ಅವಿಭಕ್ತ ಕುಟುಂಬದ ಹಿಂದುವೊಬ್ಬನು ಅದರ ಮೂಲಕ ಅನ್ಯಮತೀಯಳನ್ನು ಮದುವೆಯಾದರೆ ಆ ಕುಟುಂಬದಿಂದ ಬೇರೆಯಾದನೆಂದೇ ಇಂದಿಗೂ ಭಾವಿಸಲ್ಪಡುತ್ತಾನೆ. ಮದುವೆಗೆ ಮುಂಚೆ ಮೂವತ್ತು ದಿನಗಳ ನೋಟೀಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಬೇಕು. ದಾರಿಹೋಕನೂ ಆಕ್ಷೇಪಣೆಯನ್ನು ಸಲ್ಲಿಸಬಹುದು. ಕಾನೂನು ಕೇಳುವ ಅರ್ಹತೆಗಳನ್ನು ವಿಚಾರಿಸುವುದು ಅಧಿಕಾರಿಗಳ ಕರ್ತವ್ಯವೇ; ಆದರೆ ಆ ನೋಟೀಸು ಬೆದರಿಕೆಯ ಸಾಧನವಾಗುವುದು ಮಾತ್ರ ಸಲ್ಲದು. ವಯಸ್ಕರು ತಾವು ಮೆಚ್ಚಿದವರನ್ನು ಮದುವೆಯಾಗುವುದು ಮೂಲಭೂತ ಹಕ್ಕೆಂದು ನಮ್ಮ ರಾಜ್ಯದ ಹೈಕೋರ್ಟೇ 2020ರಲ್ಲಿ ಹೇಳಿರುವುದನ್ನು ಅಧಿಕಾರಿ ಮಹಾಶಯರು ನೆನಪಿನಲ್ಲಿಡಬೇಕು.

ಇಂದಿನ ಪರಿಸ್ಥಿತಿಯೇನು? ವೈಟ್‌ಫೀಲ್ಡಿನಲ್ಲಿ ಈಗ ಹೊಲಗಳಿಲ್ಲ, ದೇಶದೇಶಗಳ ಕಂಪೆನಿಗಳಿವೆ. ಅಲ್ಲಿಯೂ ಇಂದಿರಾನಗರದಲ್ಲಿಯೂ ಅನ್ಯದೇಶೀಯರನ್ನು ಕೈಹಿಡಿದ ಕುಟುಂಬಗಳು ಅಪೂರ್ವವಲ್ಲ. ಬೀಗರು ಬಿಳಿಯರಾದರೆ ಹಿಂದಿನಂತೆ ಕುಲವು ಕೆಡುವುದಿಲ್ಲ. ಆರತಕ್ಷತೆಯ ಪಟಗಳನ್ನು ಬಂಧುಗಳು ಹೆಮ್ಮೆಯಿಂದ ತೋರಿಸುವರು. ನಟಿ ದೇವಿಕಾರಾಣಿಯೂ ರಷ್ಯದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ಕರೂ 1945ರಲ್ಲಿ ಮದುವೆಯಾಗಿ ಬೆಂಗಳೂರಿನ ಬಳಿಯ ತಾತಗುಣಿಯಲ್ಲಿ ಬಾಳಿದರು. ನಗರವು ಅವರನ್ನು ಗೌರವಿಸಿತು, ಅದು ಯೋಗ್ಯವೇ. ಆದರೆ ವರನು ನೈಜೀರಿಯದವನಾಗಿದ್ದರೆ ಈ ಗೌರವವು ದೊರೆಯುತ್ತಿತ್ತೇ? ವಾಚಕರು ತಮ್ಮ ಅಂತಃಕರಣವನ್ನೇ ಕೇಳಿಕೊಳ್ಳಲಿ. ಮನಸ್ಸು ಬದಲಾಯಿತೆಂದು ನಾವು ಹಿಗ್ಗುತ್ತಿರುವುದರಲ್ಲಿ ಬಹುಪಾಲು, ಬಿಳುಪಿಗೆ ಬಾಗಿಲು ತೆರೆದುದು ಮಾತ್ರ. ವಧು ಬೇಕೆಂಬ ಜಾಹೀರಾತುಗಳಲ್ಲಿ ‘ಬಿಳಿ ಮೈಬಣ್ಣ’ವೆಂಬುದು ಇಂದಿಗೂ ಅಳಿದಿಲ್ಲ.

2012ರ ಆಗಸ್ಟಿನಲ್ಲಿ ಸುಳ್ಳು ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಹಸ್ರಾರು ಮಂದಿ ಬೆಂಗಳೂರಿನಿಂದ ವಿಶೇಷ ರೈಲುಗಳಲ್ಲಿ ಗೌಹಾಟಿಗೆ ಓಡಿದರು. ವದಂತಿಯು ಸುಳ್ಳಾಗಿತ್ತು, ಅದನ್ನು ನಂಬುವಂತೆ ಮಾಡಿದ ದಿನದಿನದ ಅವಮಾನವು ಸುಳ್ಳಾಗಿರಲಿಲ್ಲ. 2016ರ ಜನವರಿಯಲ್ಲಿ ನಗರದ ಉತ್ತರದ ಅಂಚಿನಲ್ಲಿ ಆಫ್ರಿಕದವನೊಬ್ಬನ ಕಾರಿಗೆ ಸಿಕ್ಕಿ ಸ್ಥಳೀಯ ಮಹಿಳೆಯೊಬ್ಬಳು ಮೃತಳಾದಾಗ, ಆ ಕಾರಿಗೆ ಯಾವ ಸಂಬಂಧವೂ ಇಲ್ಲದ ಟಾಂಜಾನಿಯದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತು. ಬಣ್ಣವೇ ಆಕೆಯ ಅಪರಾಧ. ಯಲ್ಲಾಪುರ, ಹಳಿಯಾಳಗಳ ಕಾಡಿನಂಚಿನಲ್ಲಿ ತಲೆತಲಾಂತರದಿಂದ ಬಾಳುತ್ತ ಕನ್ನಡವನ್ನೂ ಕೊಂಕಣಿಯನ್ನೂ ಆಡುವ ಸಿದ್ದಿಯರು ಆಫ್ರಿಕ ಮೂಲದ ಕನ್ನಡಿಗರು. ಅವರಲ್ಲೊಬ್ಬರು 2020ರಲ್ಲಿ ನಮ್ಮ ವಿಧಾನ ಪರಿಷತ್ತನ್ನು ಪ್ರವೇಶಿಸಿದರು. ರಾಜಧಾನಿಯ ಬೀದಿಯಲ್ಲಿ ಅವರನ್ನೂ ಯಾವ ದೇಶದವರೆಂದು ಕೇಳುವ ನಮ್ಮ ಅಜ್ಞಾನಕ್ಕೆ ಏನೆನ್ನೋಣ?

ಸಂವಿಧಾನದ 15ನೆಯ ಅನುಚ್ಛೇದವು ಮೂಲವಂಶದ ಕಾರಣದಿಂದ ಭೇದವೆಣಿಸಬಾರದೆಂದು ಸರ್ಕಾರವನ್ನು ಕಟ್ಟುಮಾಡಿದೆ; ಅಂಗಡಿ, ಹೋಟೆಲು, ಬಾವಿಗಳಲ್ಲಿಯೂ ನಾಗರಿಕರನ್ನು ಹಾಗೆ ತಡೆಯಕೂಡದೆಂದಿದೆ. 2024ರ ಜುಲೈಯಿಂದ ಜಾರಿಯಲ್ಲಿರುವ ಹೊಸ ದಂಡಸಂಹಿತೆಯಲ್ಲಿ, ಮೂಲವಂಶದ ದ್ವೇಷದಿಂದ ಗುಂಪಾಗಿ ಕೊಲೆಮಾಡಿದವರಿಗೆ ಪ್ರತ್ಯೇಕ ಪ್ರಕರಣವಿದೆ. ಆದರೆ ಬಾಡಿಗೆಗೆಂದು ಫಲಕ ತೂಗಹಾಕಿ, ಬಂದವನ ಮುಖವನ್ನು ನೋಡಿ ಮನೆ ಖಾಲಿಯಿಲ್ಲವೆನ್ನುವ ಯಜಮಾನನಿಗೆ ಯಾವ ಪ್ರಕರಣವೂ ತಾಗುವುದಿಲ್ಲ. ಮಗಳ ಮೇಲೆ ಬಾಗಿಲು ಹಾಕುವ ತಂದೆಗೂ ಅಷ್ಟೆ. ಈ ಎರಡು ಬಾಗಿಲುಗಳ ಕೀಲಿಯು ಸರ್ಕಾರದ ಬಳಿ ಇಲ್ಲ, ನಮ್ಮ ಸೊಂಟದಲ್ಲಿದೆ.

ಎಲ್ಲರೂ ಅನ್ಯವಂಶದವರನ್ನೇ ಮದುವೆಯಾಗಲೆಂದು ನಾವು ಹೇಳುತ್ತಿಲ್ಲ. ಮದುವೆಯು ಅವರವರ ಇಚ್ಛೆ. ಆ ಇಚ್ಛೆಯನ್ನು ಬಿಳಿಯನಿಗೊಂದು, ಕರಿಯನಿಗೊಂದು ಎಂದು ಎರಡು ತಕ್ಕಡಿಗಳಲ್ಲಿ ತೂಗಬಾರದೆಂಬುದಷ್ಟೇ ನಮ್ಮ ವಾದ. ನಮ್ಮನ್ನು ಕರಿಯರೆಂದು ಬೇಲಿಯ ಹೊರಗೆ ನಿಲ್ಲಿಸಿದವರ ಮೇಲೆ ನಮಗೆ ಬಂದ ಕೋಪವು ನ್ಯಾಯವಾದುದಾಗಿದ್ದರೆ, ಅದೇ ಬೇಲಿಯ ಒಳಗೆ ಈಗ ನಿಂತು ಇನ್ನೊಬ್ಬರನ್ನು ಹೊರಗಿಡುವ ಹಕ್ಕು ನಮಗೆ ಎಲ್ಲಿಂದ ಬಂದಿತು? ದಂಡು ನಮಗೆ ಮರಳಿ ದೊರೆತು ಬಹುಕಾಲವಾಯಿತು. ಅದರ ಬೇಲಿಯನ್ನು ಕೀಳುವ ಕೆಲಸವು ಇನ್ನೂ ಬಾಕಿ ಇದೆ.